ಬಂಗಲೆಯಿಂದ ಬಂದ ಹೂದಾನಿ: ಜಪಾನಿನದೇ, ಇಂಗ್ಲೆಂಡಿನದೇ, ಚೀನಾದ್ದೇ?

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ಹಳೆಯ ಪಿಂಗಾಣಿ ಹೂದಾನಿಗಳು ಮಾರಾಟಕ್ಕೆ ಬರುವುದು ಹೆಚ್ಚಾಗಿ ಎರಡು ಸಂದರ್ಭಗಳಲ್ಲಿ. ಎಸ್ಟೇಟ್ ಕೈ ಬದಲಾಗಿ ಬಂಗಲೆಯ ಸಾಮಾನು ಹೊರಬಿದ್ದಾಗ. ಇಲ್ಲವೇ ಅಣ್ಣತಮ್ಮಂದಿರು ಪಾಲು ಮಾಡಿಕೊಂಡು, ಯಾರಿಗೂ ಬೇಡವಾದದ್ದು ಗುಜರಿ ಅಂಗಡಿ ಸೇರಿದಾಗ. ಹತ್ತೊಂಬತ್ತನೆಯ ಶತಮಾನದ ನಡುಭಾಗದಿಂದ ಮಂಜರಾಬಾದಿನಲ್ಲೂ (ಇಂದಿನ ಸಕಲೇಶಪುರದ ಕಡೆ) ಆಗಿನ ಕಡೂರು ಜಿಲ್ಲೆಯಲ್ಲೂ (ಇಂದಿನ ಚಿಕ್ಕಮಗಳೂರು) ಬಿಳಿಯ ಪ್ಲಾಂಟರುಗಳು ನೆಲೆಸಿದ್ದರು. ಅವರು ತೋಟ ಮಾರಿ ಹೊರಟಾಗ ಮಂಚ, ಮೇಜು, ಪಿಂಗಾಣಿ ಎಲ್ಲವೂ ಕೊಂಡವರ ಕೈಗೆ ಬಂತು. ಅದರ ಮೇಲೆ ನಮ್ಮ ತೋಟದ ಮನೆಯವರೇ ಮದರಾಸು, ಬೆಂಗಳೂರುಗಳಿಂದ ಇಷ್ಟಪಟ್ಟು ತಂದದ್ದೂ ಸೇರಿಕೊಂಡಿತು. ಹೀಗಾಗಿ ಇಲ್ಲಿ ಸಿಗುವ ಮಾಲು ಪೂರ್ತಿ ಕಲಬೆರಕೆ. ಮಾರುವವರ ಮಾತು ಮಾತ್ರ ಎಲ್ಲ ಕಡೆಯೂ ಒಂದೇ: "ದೊರೆಗಳ ಕಾಲದ್ದು ಸಾರ್."

ಇರಬಹುದು. ಆದರೆ ದೊರೆಗಳ ಕಾಲದಲ್ಲೂ ಅಗ್ಗದ ಸಾಮಾನು ಬೇಕಾದಷ್ಟು ತಯಾರಾಗುತ್ತಿತ್ತು. ಹಳೆಯದಾದ ಮಾತ್ರಕ್ಕೆ ಅದು ಒಳ್ಳೆಯದಾಗುವುದಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸಂಗ್ರಹ ಈಗಷ್ಟೇ ಶುರು ಮಾಡುವವರು ಜಪಾನಿನ ಕೈಬರಹದ, ಎಂದರೆ ಕೈಯಿಂದ ಚಿತ್ರ ಬರೆದ, ಹೂದಾನಿ ಕೊಳ್ಳಲಿ. ಯಾವ ವರ್ಷದ್ದು ಎಂಬುದು ಖಚಿತವಾಗಿ ಗೊತ್ತಾಗಲೇಬೇಕು ಎನ್ನುವ ಸ್ವಭಾವದವರಿಗೆ ಇಂಗ್ಲೆಂಡಿನದು ಸರಿ. ಚೀನಾದ್ದನ್ನು ಕೊನೆಗೆ ಇಟ್ಟುಕೊಳ್ಳಿ. ಅದರ ಅಂದಕ್ಕೆ ಏನೂ ಕಡಿಮೆಯಿಲ್ಲ. ಆದರೆ ನಮ್ಮ ಕಡೆಯ ಮಾರುಕಟ್ಟೆಯಲ್ಲಿ ಅತಿ ಹೆಚ್ಚು ಸುಳ್ಳು ಹೇಳುವುದು ಅದರ ಹೆಸರಿನಲ್ಲೇ.

ಮೊದಲು ಮೈ ನೋಡಿ

ಹೂದಾನಿ ಕೈಗೆ ಬಂದ ಕೂಡಲೇ ಎಲ್ಲರೂ ತಲೆಕೆಳಗು ಮಾಡಿ ತಳದ ಮುದ್ರೆ ಓದುತ್ತಾರೆ. ಅದು ಕೊನೆಯ ಕೆಲಸ. ಮೊದಲು ತಿಳಿಯಬೇಕಾದದ್ದು ಅದು ನಿಜವಾಗಿ ಪಿಂಗಾಣಿಯೇ, ಅಥವಾ ಮೆರುಗು ಹಚ್ಚಿದ ಮಣ್ಣೇ ಎಂಬುದು. ಪಿಂಗಾಣಿ ಎಂದರೆ ಬಿಳಿ ಜೇಡಿಯ ಜೊತೆ ಫೆಲ್ಡ್‌ಸ್ಪಾರಿನಂತಹ ಕಲ್ಲಿನ ಪುಡಿ ಬೆರೆಸಿ, 1300 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕಾವಿನಲ್ಲಿ ಬೇಯಿಸಿದ ವಸ್ತು. ಆ ಕಾವಿನಲ್ಲಿ ಮೈ ಅರ್ಧ ಗಾಜಾಗುತ್ತದೆ, ನೀರು ಕುಡಿಯುವುದಿಲ್ಲ. (ಆ ಬಿಳಿ ಜೇಡಿ ನಮ್ಮ ಅರಸೀಕೆರೆ ತಾಲ್ಲೂಕಿನ ಬಾಗೇಶಪುರದ ಕಡೆಯೂ ಸಿಗುತ್ತದೆ. ಜೇಡಿ ಇದ್ದ ಊರಲ್ಲೆಲ್ಲ ಹೂದಾನಿ ಹುಟ್ಟಲಿಲ್ಲ, ಅಷ್ಟೆ.)

ಹಾಗಾದರೆ ಗುರುತಿಸುವುದು ಹೇಗೆ? ತಳದಲ್ಲಿ ಮೆರುಗಿಲ್ಲದ ಬಳೆಯೊಂದು ಇರುತ್ತದೆ. ಬೆಂಕಿಯ ಗೂಡಿನಲ್ಲಿ ನಿಲ್ಲಿಸುವಾಗ ಹಲಗೆಗೆ ಅಂಟಿಕೊಳ್ಳದಿರಲಿ ಎಂದು ಆ ಭಾಗವನ್ನು ಒರೆಸಿಬಿಟ್ಟಿರುತ್ತಾರೆ. ಒದ್ದೆ ಬೆರಳನ್ನು ಅದರ ಮೇಲೆ ಆಡಿಸಿ. ನೀರನ್ನು ತಕ್ಷಣ ಹೀರಿಕೊಂಡರೆ ಅದು ಮಣ್ಣಿನ ಮೈ. ಹೀರದೆ ತೇವ ಮೇಲೆಯೇ ನಿಂತರೆ ಪಿಂಗಾಣಿ ಅಥವಾ ಗಟ್ಟಿಯಾಗಿ ಬೆಂದ ಕಲ್ಲುಮಣ್ಣು (ಇಂಗ್ಲಿಷಿನಲ್ಲಿ ಸ್ಟೋನ್‌ವೇರ್). ಇವೆರಡರಲ್ಲಿ ಯಾವುದು ಎಂದು ತಿಳಿಯಲು ಸಣ್ಣ ಟಾರ್ಚನ್ನು ಒಳಗಿಳಿಸಿ ಕೋಣೆಯ ದೀಪ ಆರಿಸಿ. ಪಿಂಗಾಣಿಯ ತೆಳುವಾದ ಕಡೆ ಬೆಳಕು ಹೊರಗೆ ಸೂಸುತ್ತದೆ. ಮೈ ದಪ್ಪಗಿದ್ದರೆ ಕತ್ತಿನ ಬಳಿ ಮಾತ್ರ ಕಾಣಬಹುದು, ನಿರಾಶರಾಗಬೇಡಿ. ಇದೇ ಟಾರ್ಚು ಇನ್ನೊಂದು ಉಪಕಾರವನ್ನೂ ಮಾಡುತ್ತದೆ: ಕೂದಲೆಳೆ ಬಿರುಕು ಮತ್ತು ಒಳಗಿನಿಂದ ಹಾಕಿದ ತೇಪೆ ಕಪ್ಪಾಗಿ ಎದ್ದು ಕಾಣುತ್ತವೆ.

ಕಂದು ಬಿಳಿ ಬಣ್ಣದ ಉಪ್ಪಿನಕಾಯಿ ಭರಣಿಯನ್ನು ಹೂದಾನಿ ಎಂದು ಮಾರುವವರನ್ನು ಈಗ ಹೋಂಸ್ಟೇಗಳ ಕೃಪೆಯಿಂದ ಎಲ್ಲ ಕಡೆ ನೋಡುತ್ತಿದ್ದೇವೆ. ಭರಣಿ ಚೆನ್ನಾಗಿಯೇ ಇರುತ್ತದೆ, ಆದರೆ ಅದು ಕಲ್ಲುಮಣ್ಣು. ಜೈಪುರದ ನೀಲಿ ಪಾತ್ರೆಗಳಲ್ಲಂತೂ ಜೇಡಿಯೇ ಇಲ್ಲ. ಬೆಣಚುಕಲ್ಲಿನ ಪುಡಿಯಿಂದ ಮಾಡಿದ್ದು. ಇವನ್ನು ಪಿಂಗಾಣಿಯ ಬೆಲೆಗೆ ಕೊಳ್ಳುವ ಅಗತ್ಯವಿಲ್ಲ.

ಜಪಾನ್

ನಮ್ಮ ಕಡೆಯ ಮನೆಗಳಲ್ಲಿ ಜಪಾನಿನ ಪಿಂಗಾಣಿ ಇಷ್ಟು ಸಿಗುವುದಕ್ಕೆ ಕಾರಣವಿದೆ. 1914ರಲ್ಲಿ ಯುದ್ಧ ಶುರುವಾದ ಮೇಲೆ ಯುರೋಪಿನ ಮಾಲು ಬರುವುದು ಕಡಿಮೆಯಾಯಿತು. ಆ ಜಾಗವನ್ನು ಜಪಾನಿನವರು ತುಂಬಿದರು. ಕಡಿಮೆ ಬೆಲೆ, ಒಪ್ಪವಾದ ಕೆಲಸ. ಇದರಲ್ಲಿ ಹೆಸರು ಮಾಡಿದ್ದು ನೊರಿಟಾಕೆ. 1904ರಲ್ಲಿ ನಗೋಯಾದ ಬಳಿ ಮೊರಿಮುರಾ ಮನೆತನದವರು ಕಟ್ಟಿದ ಕಾರ್ಖಾನೆ ಅದು. ಹೂಮಾಲೆಯ ನಡುವೆ ಮೊರಿಮುರಾದ ಇಂಗ್ಲಿಷ್ ಎಂ ಅಕ್ಷರ ಇರುವ ಮುದ್ರೆ ಅವರದೇ.

ನನ್ನ ಮೇಜಿನ ಮೇಲೆ ಈಗ ಅಂತಹದೊಂದು ಇದೆ. ಗೇಣುದ್ದ ಎತ್ತರ, ಎರಡು ಕಡೆ ಹಿಡಿ. ಹೊಟ್ಟೆಯ ಸುತ್ತ ಒಂದು ಕೆರೆ, ದಡದಲ್ಲಿ ಮನೆ, ಬಾಗಿದ ಮರ, ಸಂಜೆಯ ಕಿತ್ತಳೆ ಆಕಾಶ. ದೂರದಿಂದ ಕ್ಯಾಲೆಂಡರಿನ ಚಿತ್ರ. ಭೂತಗನ್ನಡಿ ಹಿಡಿದರೆ ಬೇರೆಯೇ ಕಥೆ: ಆಕಾಶದ ಬಣ್ಣದಲ್ಲಿ ಕುಂಚದ ಕೂದಲುಗಳು ಎಳೆದ ಗೆರೆಗಳು, ಮರದ ಕಾಂಡದಲ್ಲಿ ಬಣ್ಣ ಒಂದು ಕಡೆ ದಪ್ಪ, ಒಂದು ಕಡೆ ಒಣಗಿದಂತೆ ತೆಳು. ಹಿಡಿಯ ಮೇಲಿನ ಚಿನ್ನದ ಚುಕ್ಕೆಗಳು ಬೆರಳಿಗೆ ತಾಕುತ್ತವೆ, ಎರಡು ಚುಕ್ಕೆ ಒಂದೇ ಅಳತೆಯಲ್ಲಿ ಇಲ್ಲ. ಎತ್ತುವಾಗ ಹೆಬ್ಬೆರಳು ತಾಗುವ ಕಡೆಯಲ್ಲಿ ಚಿನ್ನ ಸವೆದು ಕೆಳಗಿನ ಬಿಳುಪು ಇಣುಕಿದೆ. ಸವೆತ ಇರಬೇಕಾದದ್ದೇ ಹಾಗೆ, ಕೈ ತಾಗುವ ಕಡೆ. ಕೈ ಎಂದೂ ತಾಗದ ಹಿಡಿಯ ಕಂಕುಳಿನಲ್ಲಿ ಚಿನ್ನ ಸವೆದಿದ್ದರೆ ಯಾರೋ ಉಜ್ಜಿ ಹಳೆಯದು ಮಾಡಿದ್ದಾರೆ ಎಂದು ತಿಳಿಯಿರಿ.

ಭೂತಗನ್ನಡಿಯಲ್ಲಿ ಪತ್ರಿಕೆಯ ಫೋಟೋದಲ್ಲಿರುವಂತಹ ಸಮಸಮ ಚುಕ್ಕೆಗಳು ಕಂಡರೆ ಅದು ಅಚ್ಚು ಚಿತ್ರ. ಹೊರಗೆರೆ ಅಚ್ಚು ಹಾಕಿ ಒಳಗೆ ಕೈಯಿಂದ ಬಣ್ಣ ತುಂಬಿದವೂ ಇವೆ. ತಪ್ಪೇನಿಲ್ಲ, ಆದರೆ ಪೂರ್ತಿ ಕೈಬರಹದ ಬೆಲೆ ಕೊಡಬಾರದು.

ಕಾಲ ತಿಳಿಯಲು ದೇಶದ ಹೆಸರು ಸಹಾಯಕ್ಕೆ ಬರುತ್ತದೆ. ಅಮೆರಿಕದ ಸುಂಕದ ಕಾನೂನಿನ ಪ್ರಕಾರ 1891ರಿಂದ ಅಲ್ಲಿಗೆ ಹೋಗುವ ವಸ್ತುಗಳ ಮೇಲೆ ತಯಾರಾದ ದೇಶದ ಹೆಸರು ಇರಬೇಕಾಯಿತು. ಜಪಾನಿನವರು ಮೊದಲು "ನಿಪ್ಪಾನ್" ಎಂದು ಬರೆದರು; 1921ರ ಹೊತ್ತಿಗೆ "ಜಪಾನ್" ಎಂದೇ ಬರೆಯಬೇಕೆಂದಾಯಿತು. ಎರಡನೆಯ ಮಹಾಯುದ್ಧದಲ್ಲಿ ಸೋತು ದೇಶ ಅನ್ಯರ ವಶದಲ್ಲಿದ್ದಾಗ, 1952ರವರೆಗೆ, ಅನೇಕ ವಸ್ತುಗಳ ಮೇಲೆ "ಮೇಡ್ ಇನ್ ಆಕ್ಯುಪೈಡ್ ಜಪಾನ್" ಎಂದಿರುತ್ತದೆ. ಇದು ಅಮೆರಿಕಕ್ಕೆ ಹೋದ ಮಾಲಿನ ಲೆಕ್ಕ. ನಮ್ಮ ದೇಶಕ್ಕೆ ನೇರವಾಗಿ ಬಂದದ್ದರಲ್ಲಿ ಈ ನಿಯಮ ಕಟ್ಟುನಿಟ್ಟಾಗಿ ಕಾಣದಿರಬಹುದು, ಆದ್ದರಿಂದ "ನಿಪ್ಪಾನ್" ಇಲ್ಲ ಎಂದು ಹೊಸದೆಂದು ತೀರ್ಮಾನಿಸಬೇಡಿ. "ನಿಪ್ಪಾನ್" ಇದೆ ಎಂದು ಹಿಗ್ಗಲೂ ಬೇಡಿ: ಆ ಮುದ್ರೆಯ ನಕಲುಗಳು ಬೇಕಾದಷ್ಟಿವೆ. ಹೂಮಾಲೆಯ ನಡುವೆ ಎಂ ಬದಲು ಮರಳುಗಡಿಯಾರದ ಆಕಾರ ಇದ್ದರೆ ಬಿಟ್ಟು ನಡೆಯಿರಿ.

ಜಪಾನಿನದೇ ಆದ ಸಾತ್ಸುಮಾ ಹೂದಾನಿಗಳು ನಮ್ಮಲ್ಲಿ ಪಿಂಗಾಣಿ ಎಂದೇ ಮಾರಾಟವಾಗುತ್ತವೆ. ಕೆನೆ ಬಣ್ಣ, ಮೈತುಂಬ ಸಣ್ಣ ಜಾಲದಂತಹ ಬಿರುಕು, ಮೇಲೆ ಚಿನ್ನದ ಅಲಂಕಾರ, ತಳದಲ್ಲಿ ವೃತ್ತದೊಳಗೆ ಕೂಡುಗುರುತು. ಅದು ಸಾತ್ಸುಮಾ ಪ್ರಾಂತವನ್ನು ಆಳಿದ ಶಿಮಾಜು ಮನೆತನದ ಲಾಂಛನ. ಆ ಮನೆತನಕ್ಕೂ ಹೂದಾನಿಗೂ ಸಂಬಂಧವಿಲ್ಲದಿದ್ದರೂ ಹಾಕುತ್ತಿದ್ದರು. ಸಾತ್ಸುಮಾ ಮಣ್ಣಿನ ಮೈ. ಮೇಜಿ ಕಾಲದ, ಎಂದರೆ 1868ರಿಂದ 1912ರ ನಡುವಿನ ಒಳ್ಳೆಯ ಕೆಲಸದ ಮುಂದೆ ಯಾವ ಪಿಂಗಾಣಿಯೂ ನಿಲ್ಲುವುದಿಲ್ಲ ಎಂಬುದು ಬೇರೆ ಮಾತು. ಆದರೆ ಮಲೆನಾಡಿನ ಮಳೆಗಾಲ ಅದಕ್ಕೆ ಒಗ್ಗುವುದಿಲ್ಲ. ತೇವ, ಹೊಗೆ, ದೂಳು ಬಿರುಕಿನ ಜಾಲದೊಳಗೆ ಇಳಿದು ಕಂದು ಕಲೆಯಾಗುತ್ತದೆ, ಮತ್ತೆ ಹೋಗುವುದಿಲ್ಲ.

ಇಂಗ್ಲೆಂಡ್

ಇಂಗ್ಲಿಷ್ ಹೂದಾನಿಯ ದೊಡ್ಡ ಗುಣ ಅದರ ಲೆಕ್ಕಾಚಾರ. ರಾಯಲ್ ವೂಸ್ಟರ್ ಕಾರ್ಖಾನೆಯವರು 1892ರಿಂದ ಮುದ್ರೆಯ ಜೊತೆ ವರ್ಷಕ್ಕೊಂದು ಚುಕ್ಕೆ ಸೇರಿಸುತ್ತ ಬಂದರು. 1915ರ ಹೊತ್ತಿಗೆ ಇಪ್ಪತ್ತನಾಲ್ಕು ಚುಕ್ಕೆ. ಚುಕ್ಕೆ ಎಣಿಸಿದರೆ ವರ್ಷ ಸಿಕ್ಕಿತು. ವಿನ್ಯಾಸವನ್ನು ನೋಂದಾಯಿಸಿದ್ದರೆ 1842ರಿಂದ 1883ರವರೆಗೆ ವಜ್ರಾಕಾರದ ಗುರುತು, 1884ರಿಂದ "ಆರ್‌ಡಿ" ಎಂದು ಶುರುವಾಗುವ ಸಂಖ್ಯೆ ಇರುತ್ತದೆ. ಇದು ವಿನ್ಯಾಸ ನೋಂದಣಿಯಾದ ಕಾಲವೇ ಹೊರತು ನಿಮ್ಮ ಕೈಯಲ್ಲಿರುವ ಹೂದಾನಿ ತಯಾರಾದ ಕಾಲವಲ್ಲ. ಡೌಲ್ಟನ್ ಕಾರ್ಖಾನೆಗೆ "ರಾಯಲ್" ಎಂಬ ಬಿರುದು ಬಂದದ್ದು 1901ರಲ್ಲಿ, ಆದ್ದರಿಂದ "ರಾಯಲ್ ಡೌಲ್ಟನ್" ಎಂದಿದ್ದರೆ ಅದಕ್ಕಿಂತ ಹಳೆಯದಲ್ಲ. ವಿಕ್ಟೋರಿಯಾ ರಾಣಿಯ ನಡುಗಾಲದ್ದು ಎಂದು ಮಾರುವವರು ಹೇಳಿದರೆ ನಕ್ಕು ಸುಮ್ಮನಾಗಿ.

ಇಂಗ್ಲಿಷರ ಮೈ ಬೇರೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಜೊಸಾಯಾ ಸ್ಪೋಡ್ ಹದಕ್ಕೆ ತಂದ ಬೋನ್ ಚೈನಾದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ದನದ ಎಲುಬಿನ ಬೂದಿ ಇರುತ್ತದೆ. ಬೆಳಕು ಬಿಟ್ಟರೆ ಹಾಲಿನ ಬಿಳುಪು, ತೂಕ ಕಡಿಮೆ. ದೇವರ ಕೋಣೆಯಲ್ಲಿ ಇಡಲು ಹೂದಾನಿ ಹುಡುಕುತ್ತಿರುವ ಮನೆಯವರಿಗೆ ಈ ವಿಷಯವನ್ನು ಮೊದಲೇ ಹೇಳುವುದು ವಾಸಿ. ಆಮೇಲೆ ತಿಳಿದು ಮನೆಯಲ್ಲಿ ರಂಪವಾಗುವುದು ಬೇಡ.

ವೂಸ್ಟರಿನ ದಂತದ ಬಣ್ಣದ ಹೂದಾನಿಗಳು ಹಳೆಯ ಬಂಗಲೆಗಳ ಅಗ್ಗಿಷ್ಟಿಕೆಯ ಮೇಲೆ ನಿಂತಿದ್ದವು. ಕಲಾವಿದರ ಸಹಿ ಇರುವವು ಮಾತ್ರ ಬೇರೆಯ ದರ್ಜೆ: ಜಾನ್ ಸ್ಟಿಂಟನ್ ಬರೆದ ಮಂಜಿನ ಬೆಟ್ಟದ ದನಗಳು ಪ್ರಸಿದ್ಧ. ಸಹಿ ಚಿತ್ರದೊಳಗೆ, ಬಣ್ಣದಲ್ಲೇ ಇರಬೇಕು. ಅಚ್ಚು ಚಿತ್ರದ ಮೇಲೂ ಸಹಿ ಅಚ್ಚಾಗಿರುವುದುಂಟು, ಅದಕ್ಕೆ ಮತ್ತೆ ಭೂತಗನ್ನಡಿಯೇ ಗತಿ.

ವೆಜ್‌ವುಡ್ಡಿನ ಪ್ರಸಿದ್ಧ ನೀಲಿ ಮೈ, ಬಿಳಿ ಉಬ್ಬುಚಿತ್ರದ ಹೂದಾನಿ ಪಿಂಗಾಣಿಯಲ್ಲ, ಕಲ್ಲುಮಣ್ಣಿನ ಒಂದು ಬಗೆ. ಅದನ್ನು ಮನಸ್ಸಿಗೆ ಹಿಡಿಸಿದರೆ ಕೊಳ್ಳಿ. ಇಂಗ್ಲಿಷಿನಲ್ಲಿ ಬರೆದ ಹೆಸರಿನ ನಡುವೆ ಒಂದು "ಇ" ಹೆಚ್ಚಾಗಿ ಬಿದ್ದಿದೆಯೇ ಎಂದು ನೋಡಿ. ಅಂಥದು ಆ ಕಾರ್ಖಾನೆಯದಲ್ಲ.

ಇಂಗ್ಲಿಷ್ ಹೂದಾನಿಯ ಬಗ್ಗೆ ನನಗಿರುವ ತಕರಾರು ಒಂದೇ. ಒಳ್ಳೆಯದಕ್ಕೆ ಬೆಲೆ ಹೆಚ್ಚು, ಸಾಧಾರಣವಾದದ್ದು ನೋಡಲು ಬೇಸರ. ಗುಲಾಬಿ ಗೊಂಚಲು, ಮತ್ತೆ ಗುಲಾಬಿ ಗೊಂಚಲು. ಅದೇ ಹಣಕ್ಕೆ ಜಪಾನಿನವರು ಒಂಟೆಯ ಮೇಲೆ ಮರುಭೂಮಿ ದಾಟುವ ಅರಬನನ್ನು ಬರೆದುಕೊಟ್ಟಿದ್ದಾರೆ.

ಚೀನಾ

ಪಿಂಗಾಣಿಯ ತವರು ಜಿಂಗ್‌ಡೆಜೆನ್. ಅಲ್ಲಿನ ಕೆಲಸದ ಎತ್ತರ ಪ್ರಶ್ನಾತೀತ. ತೊಡಕಿರುವುದು ತಳದ ಅಕ್ಷರಗಳಲ್ಲಿ. ಚೀನಾದ ಕುಶಲಕರ್ಮಿಗಳು ಹಿಂದಿನ ಚಕ್ರವರ್ತಿಗಳ ಮುದ್ರೆಯನ್ನು ತಮ್ಮ ಕೆಲಸದ ಮೇಲೆ ಹಾಕುವುದು ಶತಮಾನಗಳ ರೂಢಿ. ಕಾಂಗ್‌ಶಿ ಚಕ್ರವರ್ತಿ ಆಳಿದ್ದು 1662ರಿಂದ 1722ರವರೆಗೆ. ಅವನ ಕಾಲದ ಪಾತ್ರೆಗಳ ಮೇಲೆ ಅದಕ್ಕೂ ಇನ್ನೂರು ವರ್ಷ ಹಿಂದಿನ ಚೆಂಗ್‌ಹುವಾನ ಮುದ್ರೆ, ಹತ್ತೊಂಬತ್ತನೆಯ ಶತಮಾನದ ಕೊನೆಯ ಪಾತ್ರೆಗಳ ಮೇಲೆ ಕಾಂಗ್‌ಶಿಯ ಮುದ್ರೆ. ಹಿರಿಯರ ಮೇಲಿನ ಗೌರವದಿಂದ ಹಾಕಿದವರೂ ಇದ್ದರು, ಮಾರಾಟಕ್ಕಾಗಿ ಹಾಕಿದವರೂ ಇದ್ದರು. ಮುದ್ರೆ ಓದಲು ಬಂದರೂ ಪ್ರಯೋಜನ ಅಷ್ಟಕ್ಕಷ್ಟೆ ಎಂದಾಯಿತು.

ನಮ್ಮ ಕಡೆ ಹೆಚ್ಚು ಕಾಣುವ ಒಂದು ಬಗೆಯನ್ನು ವಿವರವಾಗಿ ಹೇಳಬೇಕು. ಗಾಢ ನೀಲಿ ಹಿನ್ನೆಲೆ, ಒಡೆದ ಮಂಜುಗಡ್ಡೆಯಂತೆ ಗೆರೆಗಳು, ಅದರ ಮೇಲೆ ಬಿಳಿ ಹೂವಿನ ಕೊಂಬೆ, ಗುಂಡು ಭುಜ, ಗಿಡ್ಡ ಕತ್ತು. ಇದನ್ನು "ಮಿಂಗ್ ಹೂದಾನಿ" ಎಂದು, ಎಂದರೆ ಕಾಂಗ್‌ಶಿಗಿಂತ ಹಿಂದಿನ ಮಿಂಗ್ ರಾಜವಂಶದ ಕಾಲದ್ದು ಎಂದು, ಕರೆದು ಮಾರುತ್ತಾರೆ. ಇದು ಶುಂಠಿ ತುಂಬುವ ಜಾಡಿ. ಬಹುತೇಕ ಎಲ್ಲವೂ ಹತ್ತೊಂಬತ್ತನೆಯ ಶತಮಾನದ ಕೊನೆ ಅಥವಾ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳವು. ಕತ್ತಿನ ಹೊರಮೈ ನೋಡಿ. ಅಲ್ಲಿ ಮೆರುಗಿಲ್ಲದ ಒರಟು ಪಟ್ಟಿ ಇದ್ದರೆ ಅದರ ಮೇಲೆ ಒಂದು ಕಾಲದಲ್ಲಿ ಮುಚ್ಚಳ ಕೂತಿತ್ತು, ಈಗ ಕಳೆದಿದೆ. ಮುಚ್ಚಳ ಕಳೆದ ಜಾಡಿಗೆ ಪೂರ್ತಿ ಜಾಡಿಯ ಬೆಲೆ ಕೊಡುವವರು ಯಾರು? ಹಾಗಾಗಿ ಅದು ಹೂದಾನಿಯಾಗಿ ಬಡ್ತಿ ಪಡೆಯುತ್ತದೆ.

ಗುಲಾಬಿ ಮತ್ತು ಹಸಿರು ಬಣ್ಣದ, ಚೌಕಟ್ಟುಗಳೊಳಗೆ ಜನರೂ ಹಕ್ಕಿಗಳೂ ತುಂಬಿರುವ ಕ್ಯಾಂಟನ್ ಹೂದಾನಿಗಳು ಇದಕ್ಕಿಂತ ಪ್ರಾಮಾಣಿಕ. ಜಿಂಗ್‌ಡೆಜೆನ್‌ನಲ್ಲಿ ಬೆಂದ ಬಿಳಿ ಹೂದಾನಿಗಳಿಗೆ ಕ್ಯಾಂಟನ್‌ನಲ್ಲಿ ಬಣ್ಣ ಹಾಕಿ ಹಡಗು ಹತ್ತಿಸುತ್ತಿದ್ದರು. ರಫ್ತಿಗೆಂದೇ ಮಾಡಿದ್ದು, ಹಾಗೆಂದೇ ಕೊಳ್ಳಬಹುದು. ಚೀನಾದ್ದು ಬೇಕೇ ಬೇಕು ಎನ್ನುವವರು ಇಲ್ಲಿಂದ ಶುರು ಮಾಡಲಿ. ನೀಲಿ ಬಿಳಿಯದಾದರೆ ತಳದ ಬಳೆಯನ್ನು ಚೆನ್ನಾಗಿ ನೋಡಿ: ಮೆರುಗು ನಿಲ್ಲುವ ಗೆರೆಯಲ್ಲಿ ತಿಳಿ ಕಿತ್ತಳೆ ಛಾಯೆ, ಅಲ್ಲಲ್ಲಿ ಅಂಟಿದ ಮರಳಿನ ಕಣ, ಉಪಯೋಗದಿಂದ ನುಣುಪಾದ ಅಂಚು. ಹೊಸ ನಕಲಿನಲ್ಲಿ ಆ ಕಿತ್ತಳೆಯನ್ನೂ ಬಳಿದಿರುತ್ತಾರೆ; ಆದರೆ ಬಳಿದದ್ದು ಎಲ್ಲ ಕಡೆ ಒಂದೇ ಸಮ ಇರುತ್ತದೆ.

ಉಳಿದವು

ಜರ್ಮನಿಯ ಮೈಸೆನ್ 1710ರಲ್ಲಿ ಶುರುವಾದ, ಯುರೋಪಿನ ಮೊದಲ ನಿಜವಾದ ಪಿಂಗಾಣಿ ಕಾರ್ಖಾನೆ. ಅದರ ಅಡ್ಡಕತ್ತಿಗಳ ಮುದ್ರೆಯನ್ನು ನಕಲು ಮಾಡದ ದೇಶವಿಲ್ಲ. ಕತ್ತಿಗಳ ಮೇಲೆ ಅಡ್ಡಗೀರು ಕೊರೆದಿದ್ದರೆ ಕಾರ್ಖಾನೆಯೇ ಎರಡನೆಯ ದರ್ಜೆ ಎಂದು ತಳ್ಳಿದ ಮಾಲು. ಲಿಮೋಜ್ ಎಂಬುದು ಫ್ರಾನ್ಸಿನ ಊರು. ಅಲ್ಲಿ ಹಲವು ಕಾರ್ಖಾನೆಗಳಿದ್ದುದರಿಂದ ಆ ಹೆಸರೊಂದೇ ಏನನ್ನೂ ಹೇಳುವುದಿಲ್ಲ. "ಜೆಕೊಸ್ಲೊವಾಕಿಯಾ" ಎಂದಿದ್ದರೆ 1918ರ ನಂತರದ್ದು, "ವೆಸ್ಟರ್ನ್ ಜರ್ಮನಿ" ಎಂದಿದ್ದರೆ 1949ರ ನಂತರದ್ದು.

ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ ಬೆಂಗಳೂರಿನಲ್ಲಿ ಸರ್ಕಾರಿ ಪಿಂಗಾಣಿ ಕಾರ್ಖಾನೆ ತೆರೆಯಿತು. ಅದರ ಮುಖ್ಯ ಕೆಲಸ ವಿದ್ಯುತ್ ಕಂಬಗಳ ಇನ್ಸುಲೇಟರ್. ಆದ್ದರಿಂದ "ಮೈಸೂರು ಪಿಂಗಾಣಿ" ಹೂದಾನಿ ಎಂದು ಯಾರಾದರೂ ದೊಡ್ಡ ಬೆಲೆ ಹೇಳಿದರೆ ಸಾಕ್ಷ್ಯ ಕೇಳಿ. ಗಂಡಭೇರುಂಡ ಇದ್ದ ಮಾತ್ರಕ್ಕೆ ಅರಮನೆಯದ್ದಾಗುವುದಿಲ್ಲ. ಮೆರುಗಿನ ಮೇಲೆ ಲಾಂಛನ ಅಂಟಿಸಿ ಮತ್ತೊಮ್ಮೆ ಸುಡುವುದು ಕಷ್ಟದ ಕೆಲಸವಲ್ಲ.

ಯಾವ ಊನಕ್ಕೆ ಎಷ್ಟು ಬೆಲೆ ಇಳಿಸಬೇಕು

ಎರಡು ಹೂದಾನಿಗಳ ನಡುವೆ ಆಯ್ಕೆ ಮಾಡುವಾಗ ದೇಶಕ್ಕಿಂತ ಸ್ಥಿತಿಯೇ ಮುಖ್ಯ. ಬಿರುಕಿಲ್ಲದ ಸಾಧಾರಣ ನೊರಿಟಾಕೆ, ಅಂಟು ಹಾಕಿದ ವೂಸ್ಟರಿಗಿಂತ ಮೇಲು ಎಂಬುದೇ ನನ್ನ ಲೆಕ್ಕ. ಹೂದಾನಿಯನ್ನು ಅಂಗೈ ಮೇಲೆ ನಿಲ್ಲಿಸಿ ಉಗುರಿನಿಂದ ಮೀಟಿ. ಸರಿಯಿದ್ದರೆ ಗಂಟೆಯ ನಾದ ಬರುತ್ತದೆ, ಬಿರುಕಿದ್ದರೆ ಶಬ್ದ ಮೊಂಡಾಗುತ್ತದೆ. ಮೊಬೈಲ್ ಅಂಗಡಿಗಳಲ್ಲಿ ನೋಟು ಪರೀಕ್ಷಿಸುವ ನೇರಳೆ ಟಾರ್ಚ್ ಸಿಗುತ್ತದೆ. ಕತ್ತಲಲ್ಲಿ ಅದನ್ನು ಹಿಡಿದರೆ ಹಳೆಯ ಅಂಟು, ಹೊಸ ಬಣ್ಣ ಬೇರೆಯಾಗಿ ಹೊಳೆಯುತ್ತವೆ. ನಮ್ಮ ಕಡೆ ಇದನ್ನು ತಪ್ಪದೆ ಮಾಡಬೇಕು, ಏಕೆಂದರೆ ಜೂನಿನಿಂದ ಸೆಪ್ಟೆಂಬರಿನವರೆಗಿನ ತೇವಕ್ಕೆ ಹಳೆಯ ಅಂಟು ಸಡಿಲವಾಗುತ್ತದೆ. ಬೇಸಿಗೆಯಲ್ಲಿ ಗಟ್ಟಿಯಾಗಿ ಕಂಡ ಹಿಡಿ ಆಷಾಢದಲ್ಲಿ ಕೈಗೆ ಬರಬಹುದು.

ತಳದಲ್ಲಿ ತೂತು ಇದೆಯೇ ನೋಡಿ. ಕರೆಂಟು ಬಂದ ಹೊಸದರಲ್ಲಿ ಬಂಗಲೆಗಳ ಹೂದಾನಿಗಳನ್ನು ಕೊರೆದು ಟೇಬಲ್ ಲ್ಯಾಂಪ್ ಮಾಡಿದ್ದುಂಟು. ತೂತಿನ ಅಂಚಿನಲ್ಲಿ ಮೆರುಗು ಚಕ್ಕೆ ಎದ್ದಿದ್ದರೆ ಆಮೇಲೆ ಕೊರೆದದ್ದು. ಬೆಲೆ ಅರ್ಧಕ್ಕಿಂತ ಕೆಳಗಿಳಿಯಬೇಕು. ಬಾಯಿಯ ಅಂಚಿನಲ್ಲಿ ಚಿಕ್ಕ ಚಕ್ಕೆ ಎದ್ದಿರುವುದು ಹಳೆಯ ಚೀನಾದ್ದಕ್ಕೆ ಕ್ಷಮಾರ್ಹ, ಇಪ್ಪತ್ತನೆಯ ಶತಮಾನದ ಜಪಾನಿನದಕ್ಕೆ ಅಲ್ಲ, ಏಕೆಂದರೆ ಅಂಥದೇ ಇನ್ನೊಂದು, ಚಕ್ಕೆ ಏಳದ್ದು, ಸಿಕ್ಕೇ ಸಿಗುತ್ತದೆ. ಜೋಡಿಯಾಗಿದ್ದರೆ ಒಂಟಿಯ ಎರಡು ಪಟ್ಟಿಗಿಂತ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಆದರೆ ಎರಡರ ಚಿತ್ರ ಎದುರುಬದುರಾಗಿ ತಿರುಗಿದೆಯೇ, ಎತ್ತರ ಒಂದೇ ಇದೆಯೇ ಎಂದು ಅಳೆದು ನೋಡಿ.

ಹೋಂಸ್ಟೇಯ ಪಡಸಾಲೆಗೆ ಅಲಂಕಾರ ಬೇಕಾದವರು ಈ ಊನದ ಮಾಲನ್ನೇ ಕೊಳ್ಳಬಹುದು. ಬಿರುಕನ್ನು ಗೋಡೆಯ ಕಡೆ ತಿರುಗಿಸಿದರೆ ಅತಿಥಿಗಳಿಗೆ ಏನೂ ತಿಳಿಯುವುದಿಲ್ಲ. ಮಂಗ ಒಳನುಗ್ಗಿ ಬೀಳಿಸಿದರೂ ಹೊಟ್ಟೆ ಉರಿಯುವುದಿಲ್ಲ. ಮುಂದೆ ಮಾರಿ ಲಾಭ ಮಾಡುವ ಆಸೆಯಿದ್ದವರಿಗೆ ನನ್ನ ಸಲಹೆ, ಆ ಹಣಕ್ಕೆ ಮೆಣಸಿನ ಬಳ್ಳಿ ಹಾಕಿಸಿ.

ತಂದ ಮೇಲೆ

ಚಿನ್ನ ಮತ್ತು ಮೆರುಗಿನ ಮೇಲಿನ ಬಣ್ಣ ಹಾಳಾಗುವುದು ಹೆಚ್ಚಾಗಿ ನಮ್ಮ ಮನೆಗಳಲ್ಲೇ. ಹುಣಸೆಹಣ್ಣು, ಬೂದಿ, ಪಾತ್ರೆ ತಿಕ್ಕುವ ಪುಡಿ ಯಾವುದನ್ನೂ ತಾಗಿಸಬೇಡಿ. ಪ್ಲಾಸ್ಟಿಕ್ ಬೇಸಿನ್ನಿನಲ್ಲಿ ಉಗುರುಬೆಚ್ಚಗಿನ ನೀರು, ಎರಡು ಹನಿ ಸೋಪು, ಮೆತ್ತನೆಯ ಬಟ್ಟೆ ಸಾಕು. ಹೂವು ಇಡಲೇಬೇಕಾದರೆ ಒಳಗೆ ಸಣ್ಣ ಗಾಜಿನ ಕೊಳವೆ ಇಟ್ಟು ಅದಕ್ಕೆ ನೀರು ಹಾಕಿ. ಎತ್ತುವಾಗ ಹಿಡಿಯನ್ನಾಗಲಿ ಕತ್ತನ್ನಾಗಲಿ ಹಿಡಿಯದೆ ಒಂದು ಕೈ ತಳಕ್ಕೆ, ಒಂದು ಕೈ ಹೊಟ್ಟೆಗೆ ಕೊಡಿ.

ಬೆಲೆ ಹೆಚ್ಚಿನದನ್ನು ಕೊಳ್ಳುವಾಗ ಎಲ್ಲಿಂದ ಬಂತು ಎಂಬುದನ್ನು ಕಾಗದದಲ್ಲಿ ಕೇಳಿ ಪಡೆಯಿರಿ: ಪಾಲುಪಟ್ಟಿಯಲ್ಲಿ ಸಾಮಾನಿನ ವಿವರ, ಹಳೆಯ ಪಡಸಾಲೆಯ ಫೋಟೋ, ತೋಟ ಮಾರಿದಾಗಿನ ಪಟ್ಟಿ, ಏನಿದ್ದರೂ ಆಗುತ್ತದೆ. ನೂರು ವರ್ಷ ದಾಟಿದ ಕಲಾವಸ್ತು 1972ರ ಪುರಾತನ ವಸ್ತು ಮತ್ತು ಕಲಾನಿಧಿ ಕಾಯ್ದೆಯ ಅಡಿ ಬರುತ್ತದೆ. ಅಂಥದನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ, ವ್ಯಾಪಾರ ಮಾಡುವವರಿಗೆ ಪರವಾನಗಿ ಬೇಕು. ಅಮೆರಿಕದಲ್ಲಿರುವ ಮಗಳು ಊರಿಗೆ ಬಂದಾಗ ಅಜ್ಜಿಯ ಕಾಲದ ವೂಸ್ಟರ್ ಹೂದಾನಿಯನ್ನು ಪೆಟ್ಟಿಗೆಯಲ್ಲಿಟ್ಟು ಕಳುಹಿಸುವ ಮುನ್ನ ತಳದ ಚುಕ್ಕೆಗಳನ್ನು ಎಣಿಸಿ ನೋಡಿ.